ಸಜ್ಜಿಹಾಳದ ಚುಕ್ಕೆ

ಇಂಟರ್ನೆಟ್ಟಿನ ನಕ್ಷೆಯಲ್ಲಿ ಮಿನುಗಿದರೆ ಮಾತ್ರ ಊರು, ಇಲ್ಲವಾದರೆ ಬರೀ ಬಯಲು. ಬಸ್ಸಿನ ಮುಂಗಾಜಿನ ಮೇಲೆ ಆ ನಕ್ಷೆ ಜೇಡರಬಲೆಯಂತೆ ಹೊಳೆಯುತ್ತಿತ್ತು. ಸಂಪರ್ಕದ ಎಳೆ ಕಡಿದರೆ ಊರಿನ ಚುಕ್ಕೆ ಆರುತ್ತಿತ್ತು. ಆರಿದ ಊರಿನಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ.

“ಸಜ್ಜಿಹಾಳ ಮಧ್ಯಾಹ್ನನ ಆರೇತಿ ಯವ್ವಾ. ಇಲ್ಲದ ಊರಾಗ ಹೆಂಗ ನಿಲ್ಲಿಸೂದು?” ಎಂದ ಕಂಡಕ್ಟರ್.

“ಮುಂಜಾನಿ ಅಲ್ಲಿಂದನ ಹತ್ತೀನಲ್ಲೋ!” ಎಂದಳು ಬಾಳವ್ವ.

“ನಕ್ಷೆದಾಗಿಲ್ಲ ಅಂದ್ರ ಇಲ್ಲ.”

ಊರ ಅಗಸಿ ಬಾಗಿಲು ಕಂಡದ್ದೇ ತಡ, ಬಾಳವ್ವ ಕಿಟಕಿಯಿಂದ ತಲೆ ಹೊರಹಾಕಿ, “ಗೌರೀ, ಬಾರವ್ವಾ!” ಎಂದು ಕೂಗಿದಳು. ಮೇದು ಮನೆಗೆ ಮರಳುತ್ತಿದ್ದ ಅವಳ ಎಮ್ಮೆ ದನಿ ಗುರುತು ಹಿಡಿದು ರಸ್ತೆಗೇರಿತು. ಅದರ ಬೆನ್ನಿಗೇ ಇಡೀ ಹಿಂಡು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ.

“ಯಾಕ ನಿಲ್ಲಿಸಿದಿ?” ಚೀಲ ಹೆಗಲಿಗೇರಿಸಿ ಇಳಿಯುತ್ತ ಬಾಳವ್ವ ಗದರಿದಳು. “ಇಲ್ಲದ ಊರಿನ ಎಮ್ಮಿ ಅದಾವು. ಹಾಯ್ಸಿಕೊಂಡು ಹೋಗು!”