ಬಾಗಿಲ ಹೊರಗಿಟ್ಟ ಬೂಟು

2007ರ ಜುಲೈನ ಒಂದು ಶನಿವಾರ, ಸಿಂಗಪುರದ ಕ್ಲೆಮೆಂಟಿಯಲ್ಲಿದ್ದ ನಮ್ಮ ಫ್ಲ್ಯಾಟಿನ ಹೊರಗಿಟ್ಟಿದ್ದ ಒಂದು ಜೊತೆ ಫುಟ್‌ಬಾಲ್ ಬೂಟು ಕಾಣೆಯಾಯಿತು. ಎಣ್ಣೆ ಹಚ್ಚಿದ ಚರ್ಮದ ವಾಸನೆ ಬಂದರೆ ಇವತ್ತಿಗೂ ಆ ಮಧ್ಯಾಹ್ನ ನೆನಪಾಗುತ್ತದೆ.

ಬೂಟು ಪಕ್ಕದ ಮನೆಯ ಝೆಕ್ ಅಂಕಲ್‌ನ ಅಜ್ಜನದು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಆ ಅಜ್ಜ ಪ್ರಾಗ್‌ನಲ್ಲಿ ಫಾರ್ವರ್ಡ್ ಆಗಿ ಆಡಿದವರು, ದೇಶದ ತಂಡಕ್ಕೂ ಗೋಲು ಹೊಡೆದವರು. ಯುದ್ಧ ಶುರುವಾದ ಮೇಲೆ ಆಟ ನಿಂತಿತು. ಮುಂದೆ ಟ್ರಾಮ್ ಓಡಿಸಿದರು. ಆಟದ ದಿನಗಳದ್ದೆಂದು ಉಳಿದದ್ದು ಆ ಬೂಟು ಮಾತ್ರ. ಸೋಮವಾರ ಕ್ಲಾಸಿನಲ್ಲಿ ತೋರಿಸಲೆಂದು ಅಂಕಲ್ ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಎಣ್ಣೆ ಹಚ್ಚಿ ಕಾಪಾಡಿದ್ದರೂ ಚರ್ಮ ಬಿರಿದಿತ್ತು, ಮುಂಭಾಗ ಮರದಷ್ಟು ಗಟ್ಟಿಯಾಗಿತ್ತು.

ಹಣೆಯ ಮೇಲಿನ ವಿಭೂತಿ ಇನ್ನೂ ಒಣಗದ ಅಮ್ಮ ಬಾಗಿಲಲ್ಲೇ ತಡೆದಳು. "ದೇವರ ಜಗಲಿ ಇರೋ ಮನೆ ಇದು. ಹೊರಗಿಡು."

"ಇದು ಹಾಕ್ಕೊಳ್ಳೋದಲ್ಲ ಲಾ, ಅಮ್ಮಾ. ಅಂಕಲ್ ಅಜ್ಜಂದು!" ಎಂದೆ, ಸಿಂಗಪುರದ ಗೆಳೆಯರಿಂದ ಕಲಿತ 'ಲಾ' ಸೇರಿಸಿ.

"ಯಾರದಾದ್ರೇನು, ಬೂಟು ಬೂಟೇ. ಮೊದಲು ಕೈ ತೊಳ್ಕೋ."

ಊಟ ಮುಗಿಸಿ ಬಾಗಿಲು ತೆರೆದಾಗ ಬೂಟು ಇರಲಿಲ್ಲ. ಕಾರಿಡಾರ್ ಗುಡಿಸುವವನು ಕಸವೆಂದು ಎತ್ತಿಕೊಂಡು ಹೋಗಿದ್ದ. ಅಮ್ಮ ಲಿಫ್ಟಿಗೆ ಕಾಯದೆ ಕೆಳಗಿಳಿದು, ಕಸದ ತೊಟ್ಟಿಗೆ ಮೊಣಕೈವರೆಗೆ ಕೈಹಾಕಿ ಚೀಲಗಳನ್ನು ಒಂದೊಂದಾಗಿ ಬಿಚ್ಚಿದಳು. "ಏ, ಸುಮ್ನೆ ನಿಂತೀಯಲ್ಲ, ಆ ಕಡೆ ನೋಡೋ!" ಎಂದಳು. ಬೂಟು ಸಿಗಲಿಲ್ಲ; ಆ ಹೊತ್ತಿಗೆ ಒಂದು ಕಸದ ಲಾರಿ ಹೋಗಿಯಾಗಿತ್ತು.

ಅದೇ ಕೈಯಲ್ಲಿ ಅಂಕಲ್ ಮನೆಯ ಬೆಲ್ ಒತ್ತಿದಳು. ಅವಳು ಹೇಳಿದ್ದನ್ನೆಲ್ಲ ಅಂಕಲ್ ಕೇಳಿಸಿಕೊಂಡರು. ಆಮೇಲೆ ಅಮ್ಮನಿಗೆ ಕೈ ತೊಳೆಯಲು ಸೋಪು ತಂದುಕೊಟ್ಟರು.

ಮರುವರ್ಷ ಅವರು ಪ್ರಾಗ್‌ಗೆ ಮರಳಿದರು. ಪ್ರತಿ ದೀಪಾವಳಿಗೆ ಅಮ್ಮ ಅವರಿಗೆ ಶುಭಾಶಯ ಕಳಿಸುತ್ತಾಳೆ. ಈ ವರ್ಷವೂ ಅವರ ಉತ್ತರ ಬಂದಿದೆ.