ಕುಲುಮೆಯ ಪಾಲು

ಕರಿಯಣ್ಣನ ಕೈ ಉಕ್ಕು ಕರಗುತ್ತಿದ್ದ ಕೆಂಪನೆಯ ಮೂಸೆಯ ಮೇಲೆ ಬಂತು, ಏನನ್ನೋ ಬಿಟ್ಟಿತು, ಹಿಂದಕ್ಕೆ ಸರಿಯಿತು. ಕಿಟಕಿಯಾಚೆ ನಿಂತಿದ್ದ ಉಜ್ಜನಪ್ಪ ಅದನ್ನು ಕಣ್ಣಾರೆ ಕಂಡ.

ಒಳಗೆ ನುಗ್ಗಿ ರಟ್ಟೆ ಹಿಡಿದ. "ಏನೋ ಹಾಕಿದ್ದು?"

ಕರಿಯಣ್ಣ ತಲೆ ತಗ್ಗಿಸಿದ. "ನಿಮ್ಮದೇ ಸ್ವಾಮಿ ಅದು. ನಿಮಗೇ ಒಳ್ಳೇದಾಗ್ಲಿ ಅಂತ."

ಅದಕ್ಕಿಂತ ಹೆಚ್ಚಿನ ಮಾತು ಅವನ ಬಾಯಿಂದ ಹೊರಡಲಿಲ್ಲ. ಕೆನ್ನೆಗೆ ಏಟು ಬಿದ್ದಾಗಲೂ ಹೊರಡಲಿಲ್ಲ.

ಮಾರನೆಯ ಬೆಳಗ್ಗೆ ದೆಹಲಿಯ ಸಮಿತಿ ಭದ್ರಾವತಿಗೆ ಬರುವುದಿತ್ತು. ಹೊರದೇಶದ ನಿಕ್ಕಲ್ ತರಿಸಲು ಸರ್ಕಾರದ ಬಳಿ ವಿದೇಶಿ ಹಣವಿಲ್ಲದ ಕಾಲ ಅದು. ನಿಕ್ಕಲ್ ಬೆರೆಸದೆಯೇ ಅಷ್ಟೇ ಗಟ್ಟಿಯಾದ ಉಕ್ಕು ಮಾಡಿ ತೋರಿಸುತ್ತೇನೆಂದು ಉಜ್ಜನಪ್ಪ ಒಂದು ವರ್ಷದ ಅನುದಾನ ಪಡೆದಿದ್ದ. ಕಾಯಂ ಕೆಲಸ ಬಿಟ್ಟು ಊರಾಚೆ ತಗಡಿನ ಶೆಡ್ಡು ಹಾಕಿಕೊಂಡಿದ್ದ. ವರ್ಷವಿಡೀ ಹೊಯ್ದ ಸಲಾಕೆಗಳಲ್ಲಿ ಒಂದೂ ಸಮ್ಮಟಿಗೆಯ ಏಟಿಗೆ ಮುರಿದಿರಲಿಲ್ಲ. ಸಮಿತಿಯ ಕಣ್ಣೆದುರೂ ಒಂದು ನಿಂತುಬಿಟ್ಟರೆ ಶಿವಮೊಗ್ಗದಲ್ಲಿ ಸ್ವಂತ ಪ್ರಯೋಗಾಲಯ. ಮುರಿದರೆ ಮಾವನ ಮನೆಯ ಜಗಲಿ. ಮಾವ ಪರಮೇಶ್ವರಪ್ಪನವರು ಆಗಲೇ ಊಟದ ಹೊತ್ತಿಗೆ, ವಿಜ್ಞಾನಿಗಳು ಅನ್ನ ತಿನ್ನುತ್ತಾರೋ ಕಬ್ಬಿಣವೋ ಎಂದು ಕೇಳುತ್ತಿದ್ದರು.

ಸಮಿತಿಯ ಹಿರಿಯ ನರಸಿಂಹಮೂರ್ತಿ ಹಿಂದೊಮ್ಮೆ ಬಂದಾಗ, ಸಲಾಕೆಯಲ್ಲಿ ಏನೇನಿದೆಯೆಂದು ಪೂರ್ತಿ ಪರೀಕ್ಷೆ ಮಾಡಿಸಿದ್ದೀರಾ ಎಂದಿದ್ದರು. ಉಜ್ಜನಪ್ಪ ನಕ್ಕಿದ್ದ. "ಹಾಕಿದವನು ನಾನೇ. ಹಾಕದೇ ಇದ್ದದ್ದನ್ನು ಯಾಕೆ ಹುಡುಕಲಿ?"

ಕರಿಯಣ್ಣ ಆ ಕುಲುಮೆಯ ಆಳು. ಮಿಂದು, ಹಣೆಗೆ ಕುಂಕುಮವಿಟ್ಟು, ಬೆಂಕಿಗೆ ಕೈಮುಗಿದೇ ತಿದಿ ಒತ್ತುವವನು. ಎರಕದ ದಿನ ಬೆಳಗ್ಗೆ ಉಜ್ಜನಪ್ಪ ಅನುದಾನದ ಪೆಟ್ಟಿಗೆಯಿಂದಲೇ ಎರಡು ಹೊಳೆಯುವ ರೂಪಾಯಿ ತೆಗೆದು, ವೀಳ್ಯದೆಲೆಯ ಮೇಲಿಟ್ಟು ಅವನ ಕೈಗೆ ಕೊಡುತ್ತಿದ್ದ. ಕೆಲಸಕ್ಕೆ ಮುಂಚೆ ಆಳಿಗೆ ಎಲೆ ಕೊಡುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಆ ರೂಪಾಯಿಯ ಮುಖವನ್ನು ಕರಿಯಣ್ಣನ ಹೆಂಡತಿ ಕರಿಯಮ್ಮ ಒಮ್ಮೆಯೂ ಕಂಡಿಲ್ಲವಂತೆ ಎಂದು ಉಜ್ಜನಪ್ಪನ ಹೆಂಡತಿ ಜಯಶೀಲಾ ಹೇಳಿದಾಗ, "ಇಸ್ಪೀಟಿನ ಅಡ್ಡೆಯವರು ಕಂಡಿರ್ತಾರೆ ಬಿಡು ಮಾರಾಯ್ತಿ" ಎಂದಿದ್ದ ಗಂಡ.

ಈಗ ಎಲ್ಲವೂ ಒಂದಕ್ಕೊಂದು ತಾಳೆಯಾಯಿತು. ಕುಲುಮೆ ಇಟ್ಟಿಗೆಯ ಸಂಶೋಧನೆಗೆಂದು ಇದೇ ಅನುದಾನ ಕೇಳಿ ಸೋತಿದ್ದ ಶಿವಯೋಗಪ್ಪ, ಹಿಂದಿನ ಸಂಜೆ ಹೋಟೆಲಿನ ಮುಂದೆ ಕರಿಯಣ್ಣನ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದ. ಎರಕ ಕೆಡಿಸಲು ಎಷ್ಟು ತಿಂದೆ ಎಂದು ಉಜ್ಜನಪ್ಪ ಕೇಳಿದ. ಕರಿಯಣ್ಣ ಮೂಸೆಯನ್ನೇ ನೋಡುತ್ತ ನಿಂತ.

ಮೂಸೆಯಲ್ಲಿದ್ದದ್ದನ್ನು ಉಜ್ಜನಪ್ಪ ಮೂಲೆಯ ಹಳೇ ಅಚ್ಚಿಗೆ ಸುರಿಸಿದ. ಆಮೇಲೆ ಶೆಡ್ಡಿನ ಹಿಂದಿದ್ದ ಕರಿಯಣ್ಣನ ಗುಡಿಸಲು ಖಾಲಿ ಮಾಡಿಸಲು ಕಾವಲುಗಾರನನ್ನು ಕಳಿಸಿದ. ಒಲೆಯ ಮೇಲಿದ್ದ ಮುದ್ದೆಯ ಪಾತ್ರೆ ಬೆಂದದ್ದರ ಸಮೇತ ಹೊರಬಂತು. ಕರಿಯಮ್ಮ ಸೆರಗಿನಲ್ಲಿ ಬಿಸಿ ಪಾತ್ರೆ ಹಿಡಿದುಕೊಂಡು ಗಂಡನ ಹಿಂದೆ ನಡೆದಳು. ಕತ್ತಲಾಗುವ ಮೊದಲೇ ಭದ್ರಾವತಿಯ ಕುಲುಮೆಗಳಿಗೆಲ್ಲ ಸುದ್ದಿ ಮುಟ್ಟಿತು: ಕರಿಯಣ್ಣ ಕಳ್ಳ, ಉಂಡ ಮನೆಗೆ ಎರಡು ಬಗೆದವನು, ಒಳಗೆ ಬಿಟ್ಟುಕೊಳ್ಳಬೇಡಿ.

ಉಜ್ಜನಪ್ಪ ತಾನೇ ತಿದಿ ಒತ್ತಿ ಹೊಸ ಎರಕ ಹೊಯ್ದ. ಎಲೆ ಇಸಿದುಕೊಳ್ಳಲು ಯಾರೂ ಇರಲಿಲ್ಲ. ಹತ್ತಿರಕ್ಕೆ ಒಂದು ನೊಣವೂ ಸುಳಿಯದಂತೆ ಕಾದ.

ಬೆಳಗ್ಗೆ ನರಸಿಂಹಮೂರ್ತಿಗಳ ಎದುರು ಸಮ್ಮಟಿಗೆ ಬಿತ್ತು. ಸಲಾಕೆ ಹಪ್ಪಳದ ಹಾಗೆ ಮುರಿಯಿತು.

ಇದೂ ಶಿವಯೋಗಪ್ಪನ ಕೈವಾಡವೇ ಎಂದು ಉಜ್ಜನಪ್ಪ ಕೂಗಾಡಿದ. ಮೂಲೆಗೆ ಬೆರಳು ತೋರಿಸಿ, ಆ ಕಳ್ಳ ಕೆಡಿಸಿದ ಸಲಾಕೆ ಅಲ್ಲೇ ಬಿದ್ದಿದೆ, ಬೇಕಾದರೆ ಹೊಡೆದು ನೋಡಿ ಎಂದ. ಹೊಡೆದರು. ಸಮ್ಮಟಿಗೆ ಪುಟಿಯಿತು. ಸಲಾಕೆ ಬಿಲ್ಲಿನಂತೆ ಬಾಗಿತು, ಮುರಿಯಲಿಲ್ಲ.

ನರಸಿಂಹಮೂರ್ತಿ ಅವೆರಡನ್ನೂ, ವರ್ಷದ ಹಳೆಯ ಸಲಾಕೆಗಳನ್ನೂ ಕಟ್ಟಿಸಿಕೊಂಡು ಹೋದರು.

ಪರೀಕ್ಷೆ ಮುಗಿಸಿ ಮತ್ತೆ ಬಂದಾಗ ಉಜ್ಜನಪ್ಪನನ್ನು ಶಿವಮೊಗ್ಗದ ಪ್ರವಾಸಿ ಮಂದಿರಕ್ಕೆ ಕರೆಸಿಕೊಂಡರು. ಕೂರಲು ಹೇಳಲಿಲ್ಲ.

"ನಿಮ್ಮ ಹಳೇ ಸಲಾಕೆಗಳಲ್ಲೆಲ್ಲ ನಿಕ್ಕಲ್ ಇದೆ. ಇಲ್ಲದ್ದು ಒಂದೇ, ನಮ್ಮೆದುರು ಮುರಿದದ್ದು. ವರ್ಷವಿಡೀ ಮೋಸ ಮಾಡಿ, ಕೊನೇ ದಿನ ಹೆದರಿದಿರಾ?"

ನಾನು ಹಾಕಿಲ್ಲ ಎಂದ ಉಜ್ಜನಪ್ಪ. ಕರಿಯಣ್ಣ ಹಾಕಿದ್ದಾನೆ ಎಂದ.

"ಪರ್ಮಿಟ್ ಇಲ್ಲದೆ ಯಾರಿಗೂ ಸಿಗದ ಲೋಹ ಅದು. ಕೂಲಿಯವನಿಗೆ ಎಲ್ಲಿಂದ ಬರಬೇಕು?" ಅನುದಾನ ಅಲ್ಲಿಗೇ ನಿಂತಿತು. ಮೊಕದ್ದಮೆಗೂ ಸಿದ್ಧವಾಗಿರಿ ಎಂದರು.

ಸಂಜೆಯೊಳಗೆ ಉಜ್ಜನಪ್ಪ ಹೊಳಲೂರಿನಲ್ಲಿದ್ದ. ಯಾವ ಕುಲುಮೆಯೂ ಸೇರಿಸದ ಕರಿಯಣ್ಣ ಹೊಳೆಯ ದಡದಲ್ಲಿ ಮರಳು ಹೊರುತ್ತಿದ್ದ. ಕಂಡ ಕೂಡಲೇ ಕುಕ್ಕೆ ಇಳಿಸಿ ಕೈಮುಗಿದ. ಏನು ಹಾಕಿದೆಯೋ ಅದನ್ನು ದೊಡ್ಡವರ ಮುಂದೆ ಬಂದು ಹೇಳು ಎಂದು ಉಜ್ಜನಪ್ಪ ಅಂಗಲಾಚಿದ.

"ಕಳ್ಳ ಅಂತ ನೀವೇ ಊರಿಗೆಲ್ಲ ಸಾರಿದ್ದೀರಿ ಸ್ವಾಮಿ. ನನ್ನ ಮಾತು ಯಾರು ನಂಬ್ತಾರೆ?" ಕರಿಯಣ್ಣ ಅಂಗೈಯ ಮರಳು ಕೊಡವಿದ. "ಇನ್ನೊಬ್ಬರ ಹೆಸರಲ್ಲಿ ಕೊಟ್ಟ ಕಾಣಿಕೆ ಬಾಯಿಬಿಟ್ಟು ಹೇಳಿದ್ರೆ ಫಲ ಹೋಗುತ್ತೆ ಅಂತ ಅವತ್ತು ಸುಮ್ಮನಿದ್ದೆ. ಈಗ ಹೋಗಕ್ಕೆ ಇನ್ನೇನಿದೆ? ನೀವು ಎಲೆ ಮೇಲೆ ಇಟ್ಟು ಕೊಡ್ತಿದ್ರಲ್ಲ, ಆ ಬೆಳ್ಳಿ ರೂಪಾಯಿ. ಪ್ರತಿ ಎರಕಕ್ಕೂ ನಿಮ್ಮ ಹೆಸರು ಹೇಳಿ ಬೆಂಕಿಗೇ ಹಾಕ್ತಿದ್ದೆ."

ಉಜ್ಜನಪ್ಪ ಜೇಬಿನಿಂದ ಒಂದು ರೂಪಾಯಿ ತೆಗೆದು ಇಳಿಬಿಸಿಲಿಗೆ ಹಿಡಿದ.

ಬೆಳ್ಳಿ ರೂಪಾಯಿ ನಿಂತು ವರ್ಷಗಳೇ ಆಗಿದ್ದವು. ಈಗ ಸರ್ಕಾರ ರೂಪಾಯಿಯನ್ನು ಅಚ್ಚು ಹಾಕುತ್ತಿದ್ದುದು ಅಪ್ಪಟ ನಿಕ್ಕಲ್ಲಿನಲ್ಲಿ.