ಅಣ್ಣ ಸುಮ್ಮನಿದ್ದ ಹೊತ್ತು

ರಾತ್ರಿಯೆಲ್ಲ ಕಿಟಕಿ ಬಾಗಿಲು ಬಡಿದ ಗಾಳಿ ಆ ದಿನ ಬೆಳಿಗ್ಗೆ ನಿಂತೇಬಿಟ್ಟಿತ್ತು. ಬೀದಿಯ ಮರಗಳಲ್ಲಿ ಒಂದೆಲೆಯೂ ಅಲುಗದು. ಆ ಗಾಳಿ ಬೀಸಿದವನೇ ಈಗ ಉಸಿರು ಹಿಡಿದು ಏನನ್ನೋ ಆಲಿಸುತ್ತಿದ್ದಾನೇನೋ ಅನ್ನುವ ಹಾಗಿತ್ತು. ಸ್ಯಾಕ್ಸೊಫೋನಿನ ಪೆಟ್ಟಿಗೆ ಹಿಡಿದ ಅಣ್ಣ ಮುಂದೆ, ಬರಿಗೈಯಲ್ಲಿ ತಂಗಿ ಹಿಂದೆ, ಇಬ್ಬರೂ ಗುಡುಗಿನ ರೆಕಾರ್ಡಿಂಗ್ ಕೋಣೆಯ ಮೆಟ್ಟಿಲಿಳಿದರು.

ಗುಡುಗು ಅಂದರೆ ಅವರ ಜೊತೆ ಡ್ರಮ್ ಬಾರಿಸುವವನು. ಹೆಸರಿಗೆ ಗುಡುಗು, ಮಾತಿಗೆ ಕೂತರೆ ಪಕ್ಕದವನಿಗೂ ಕೇಳಿಸದು. ಅಣ್ಣನ ಸ್ಯಾಕ್ಸೊಫೋನು, ತಂಗಿಯ ಆಳೆತ್ತರದ ತಂತಿವಾದ್ಯ ಬಾಸು, ಇವನ ಡ್ರಮ್ಮು; ಮೂವರೂ ಸೇರಿ ಹಿಂದಿನ ತಿಂಗಳು ತುಂಬಿದ ಸಭೆಯ ಮುಂದೆ ಫ್ರೀ ಜಾಝ್ ನುಡಿಸಿದ್ದರು. ಅದಕ್ಕೆ ಬರೆದಿಟ್ಟ ರಾಗವಿಲ್ಲ, ಕಟ್ಟಿಟ್ಟ ತಾಳವಿಲ್ಲ. ಒಬ್ಬರು ಎತ್ತಿದ್ದನ್ನು ಇನ್ನೊಬ್ಬರು ಕಿವಿಯಲ್ಲೇ ಹಿಡಿದು, ದೇವರು ನಡೆಸಿದ ಕಡೆಗೆ ಒಯ್ಯುವುದು, ಅಷ್ಟೇ. ಗುಡುಗು ತನ್ನ ಹಳೇ ಟೇಪಿನ ಯಂತ್ರವನ್ನು ತಿರುಗಲು ಬಿಟ್ಟು ಬಾರಿಸಲು ಕೂತಿದ್ದ. ಆ ಒಂದೇ ಟೇಪು ಈ ಮಧ್ಯಾಹ್ನ ಅಚ್ಚಿಗೆ ಹೋಗಿ ಅವರ ಮೊದಲ ಆಲ್ಬಮ್ ಆಗಬೇಕಿತ್ತು.

ಟೇಪು ತಿರುಗಿತು. ತಂಗಿ ಕಣ್ಣು ಮುಚ್ಚಿ, ಇಲ್ಲದ ತಂತಿಗಳ ಮೇಲೆ ಬೆರಳಾಡಿಸುತ್ತ ಕೇಳಿದಳು. ಅಣ್ಣ ಆ ಬೆರಳುಗಳನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿದ್ದ ಜಾಗ ಬಂತು. ಸ್ಯಾಕ್ಸೊಫೋನು ಏರಿ ಏರಿ ಒಂದು ಕಡೆ ತಡವರಿಸಿತು. ಮರುಕ್ಷಣವೇ ಏನೂ ಆಗದ ಹಾಗೆ ಸಲೀಸಾಗಿ ಇಳಿಯತೊಡಗಿತು. ತಂಗಿಯ ಬೆರಳುಗಳು ಮಾತ್ರ ಬೇರೆಯೇ ದಾರಿ ಹಿಡಿದು ಆಡುತ್ತಲೇ ಇದ್ದು, ಆಮೇಲೆ ನಿಂತವು.

“ಗುಡುಗೂ, ಸ್ವಲ್ಪ ಹಿಂದಕ್ಕೆ ತಿರುಗಿಸೋ,” ಅಂದಳು. ಮತ್ತೊಮ್ಮೆ ಕೇಳಿ ಕಣ್ಣು ತೆರೆದಳು. “ಇಲ್ಲಿ ನಾನಿದ್ದೆ. ಎಲ್ಲಿ ಹೋದೆ?”

“ಅಕ್ಕಾ, ನಾನು ಡ್ರಮ್ ಬಡಿಯೋನು. ಅಣ್ಣ ತಂಗಿ ಮಧ್ಯೆ ನನ್ನನ್ನ ಬಡೀಬೇಡಿ,” ಅಂದ ಗುಡುಗು, ಟೇಪು ಕತ್ತರಿಸುವ ಬ್ಲೇಡನ್ನು ಸುಮ್ಮನೆ ಒರೆಸುತ್ತ.

“ನಾನೇ ಕತ್ತರಿಸೋಕೆ ಹೇಳ್ದೆ ಪುಟ್ಟಿ,” ಅಂದ ಅಣ್ಣ. “ಅಲ್ಲಿ ಏನೂ ಇರ್ಲಿಲ್ಲ.”

ಅವನ ಮಟ್ಟಿಗೆ ಅದು ಸುಳ್ಳಲ್ಲ. ಹಿಂದಿನ ತಿಂಗಳು ಆ ಸಭೆಯಲ್ಲಿ ನುಡಿಸುತ್ತಿದ್ದಾಗಲೇ ಅವನ ಎಳೆ ತಪ್ಪಿಹೋಗಿತ್ತು. ಮುಂದೇನೆಂದು ಹೊಳೆಯದೆ, ವಾದ್ಯ ಕೆಳಗಿಳಿಸಿ, ಸಂತೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ನಿಂತಿದ್ದ. ಮನಸ್ಸಿನಲ್ಲೇ ದೇವರನ್ನು ಕೂಗಿದ್ದ. ಆಮೇಲೆ ಎಲ್ಲಿಂದಲೋ ಒಂದು ಸ್ವರ ಕೈಗೆ ಸಿಕ್ಕಿ, ಉಸಿರು ಕೂಡಿಬಂದಿತ್ತು. ಆ ಭಾಗವನ್ನು ಎಷ್ಟು ಸಲ ಕೇಳಿದರೂ ಅವನ ಕಿವಿಗೆ ಬಿದ್ದದ್ದು ತನ್ನ ಸ್ಯಾಕ್ಸೊಫೋನು ಇಲ್ಲವೆಂಬುದೊಂದೇ. ತನ್ನ ಸೋಲು ಊರೂರು ತಿರುಗದಿರಲೆಂದು, ಕತ್ತರಿಸಿದ ತುಂಡನ್ನು ಸಣ್ಣ ಸುರುಳಿಗೆ ಸುತ್ತಿಸಿಕೊಂಡು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ.

“ನೀನು ನುಡಿಸ್ಲಿಲ್ಲ, ನಿಜ,” ಅಂದಳು ತಂಗಿ. “ನಾನು ನುಡಿಸ್ತಿದ್ದೆ ಅಲ್ವಾ?”

“ನೀನು ನನಗೋಸ್ಕರ ಕಾಯ್ತಿದ್ದೆ. ನೀನು ಹಿಡಿದಿಟ್ಟಿದ್ದಕ್ಕೇ ಜನ ಎದ್ದು ಹೋಗ್ಲಿಲ್ಲ. ಆ ಉಪಕಾರ ಮರೆಯಲ್ಲ.”

“ಮೊದಮೊದಲು ಕಾದೆ. ಆಮೇಲೆ ಮರೆತೇಹೋಯ್ತು.”

“ಏನು ಮರೆತೋಯ್ತು?”

“ನೀನು.”

ಗುಡುಗು ಕೆಮ್ಮಿದ. ತಂಗಿ ನಗುತ್ತಲೇ ಹೇಳಿದಳು: “ಚಿಕ್ಕವಳಿದ್ದಾಗ ಯಾರಾದ್ರೂ ನಿನ್ನ ಹೆಸರೇನಮ್ಮಾ ಅಂದ್ರೆ, ನಾನು ಬಾಯಿ ತೆಗೆಯೋ ಮುಂಚೆ ನೀನು ಹೇಳಿಬಿಡ್ತಿದ್ದೆ. ಎಷ್ಟನೇ ಕ್ಲಾಸು ಅಂದ್ರೆ ಅದೂ ನೀನೇ. ಹಸಿವಾಯ್ತಾ ಅಂದ್ರೆ ಅದೂ ನೀನೇ.”

“ನಿಂಗೆ ನಾಚಿಕೆ ಜಾಸ್ತಿ ಇತ್ತಲ್ಲೇ.”

“ನಾಚಿಕೆ ಜಾಸ್ತಿ ಅಂತ್ಲೂ ಇವ್ರೇ ಹೇಳ್ತಿದ್ರಾ ಅಕ್ಕ?” ಅಂದ ಗುಡುಗು.

“ಮತ್ತಿನ್ಯಾರು?” ಆಮೇಲೆ ದನಿ ತಗ್ಗಿಸಿದಳು. “ಅವತ್ತೊಂದು ದಿನ ನೀನು ಸುಮ್ಮನಿದ್ದೆ ಅಣ್ಣ. ನನ್ನ ಬಾಯಲ್ಲಿ ಏನು ಬರುತ್ತೆ ಅಂತ ನನಗೂ ಅವತ್ತೇ ಗೊತ್ತಾಗಿದ್ದು. ಹೋಗ್ಲಿ ಬಿಡು. ಹೀಗೇ ಕಳಿಸಿ.” ಚಹಾ ಕುಡಿದ ಲೋಟಗಳನ್ನು ಎತ್ತಿಕೊಂಡು ಮೂಲೆಯ ನಲ್ಲಿಯ ಕಡೆ ನಡೆದಳು.

ಅಣ್ಣ ಕೂತಲ್ಲೇ ಕೂತ. ಟೇಪು ನಿಂತಿತ್ತು, ಆದರೂ ಅವನಿಗೆ ಈಗ ಕೇಳಿಸತೊಡಗಿತು. ಕರೆಂಟು ಹೋದ ಮನೆಯಲ್ಲಿ ಗೋಡೆ ಸವರಿಕೊಂಡು ದೀಪ ಹುಡುಕುವವರ ಹಾಗೆ, ತಳದಿಂದ ಮೆಲ್ಲನೆ ಮೇಲೇರಿದ ಬಾಸು. ಒಂದು ತಿರುವಿನಲ್ಲಿ ನಿಂತು, ತನ್ನಷ್ಟಕ್ಕೇ ನಕ್ಕಂತೆ ಮಿಡಿದ ಒಂದು ಸ್ವರ. ಅದೇ ಸ್ವರ. ತಾನು ಹಿಡಿದು ಮೇಲೆದ್ದದ್ದು ಅದನ್ನೇ. ದೇವರು ಕೊಟ್ಟನೆಂದು ಈ ಒಂದು ತಿಂಗಳೂ ಕೈಮುಗಿದಿದ್ದ. ಕೊಟ್ಟದ್ದು ನಿಜವೇ. ಯಾರ ಕೈಯಲ್ಲಿ ಕೊಟ್ಟು ಕಳಿಸಿದ ಎಂಬುದನ್ನು ಮಾತ್ರ ತಿರುಗಿ ನೋಡಿರಲಿಲ್ಲ.

ಅವನು ಪೆಟ್ಟಿಗೆ ತೆರೆದು ಸುರುಳಿಯನ್ನು ತೆಗೆದ. ನಲ್ಲಿಯ ಹತ್ತಿರ ಹೋಗಿ, ಅವಳು ಕೈ ಒರೆಸಿಕೊಳ್ಳುವ ತನಕ ಕಾದು, ಅವಳ ಅಂಗೈ ಮೇಲಿಟ್ಟ.

“ತಗೋ. ನಿಂದು.”

ತಂಗಿ ಅದನ್ನು ಗುಡುಗಿನ ಮುಂದಿಟ್ಟಳು. ಅವನು ಬ್ಲೇಡಿನ ತುದಿಯಿಂದ ಟೇಪು ಜೋಡಿಸಿದ್ದ ಬೆಸುಗೆ ಬಿಡಿಸಿ, ತುಂಡನ್ನು ಅದರ ಜಾಗಕ್ಕೆ ಕೂಡಿಸಿ ಅಂಟಿಸಿದ. ಆಮೇಲೆ ಆಲ್ಬಮ್ಮಿನ ಕವರು ಎಳೆದುಕೊಂಡು ಪೆನ್ನು ಬಿಚ್ಚಿದ.

“ಈ ಭಾಗಕ್ಕೆ ಬೇರೆ ಹೆಸರು ಕೊಡ್ಬೇಕು. ಏನಂತ ಬರೀಲಿ?”

ಅಣ್ಣ ಬಾಯಿ ತೆರೆದ. ತೆರೆದವನು ಹಾಗೇ ಮುಚ್ಚಿಕೊಂಡು, ಬಗ್ಗಿ ಪೆಟ್ಟಿಗೆಯ ಚಿಲಕ ಹಾಕತೊಡಗಿದ.